ಇದ್ದಲು ಡಬ್ಬಿಯಲ್ಲಿ ಬಿಳಿಯಜ್ಜಿ

ತಿಯಾನ್‌ಜಿನ್
ಏಪ್ರಿಲ್ 16, 1934

ಪ್ರೀತಿಯ ಅಪ್ಪ,

ಮದುವೆಯಾಗಿ ಇವತ್ತಿಗೆ ಹದಿನೆಂಟು ದಿನ. ನಾನು ಎಷ್ಟು ಸುಖವಾಗಿದ್ದೇನೆ ಎಂದು ಪೂರ್ತಿ ಬರೆದರೆ ನೀವು ಕನ್ನಡಕ ಒರೆಸಿಕೊಂಡು ‘ಈ ಹುಡುಗಿಗೆ ಅಳತೆಯೇ ಇಲ್ಲ’ ಎನ್ನುತ್ತೀರಿ. ಆದ್ದರಿಂದ ಅರ್ಧ ಮಾತ್ರ ಬರೆಯುತ್ತೇನೆ.

ಇವರು ಬೆಳಗ್ಗೆ ಏಳು ಹತ್ತಕ್ಕೆ ರೈಲ್ವೆ ಕಚೇರಿಗೆ ಹೊರಡುತ್ತಾರೆ. ದಿನವಿಡೀ ರೈಲುಗಳ ವೇಳಾಪಟ್ಟಿ ಬರೆದು ಬರೆದು ಮಾತೂ ಹಾಗೇ ಆಗಿಬಿಟ್ಟಿದೆ. “ಆರು ಇಪ್ಪತ್ತಕ್ಕೆ ಬರ್ತೀನಿ. ಐದು ನಿಮಿಷ ತಡ ಆದ್ರೆ ದಾರೀಲಿ ತಿಂಡಿ ತಗೊಳ್ತಿದೀನಿ ಅಂತ ತಿಳ್ಕೋ” ಎನ್ನುತ್ತಾರೆ. ನಿನ್ನೆ ಏಳು ನಿಮಿಷ ತಡ. ಎಳ್ಳು ಹಚ್ಚಿ ಹುರಿಯಂತೆ ಹೆಣೆದು ಕರಿದ ತಿಂಡಿ ತಂದಿದ್ದರು, ಬಿಸಿಬಿಸಿ, ಕೋಟಿನ ಜೇಬಿನಲ್ಲಿ! ಕೋಟಿನ ಎಣ್ಣೆ ಕಲೆ ನೋಡಿ ಅತ್ತೆ ಮಗನನ್ನು ಬೈದರು, ತಿಂಡಿಯನ್ನು ಹೊಗಳಿದರು, ಮೂರರಲ್ಲಿ ಎರಡನ್ನು ತಾವೇ ತಿಂದರು.

ಅತ್ತೆಗೆ ಐವತ್ತೆಂಟು. ಪಾದ ಪುಟ್ಟದು, ದನಿ ದೊಡ್ಡದು. ಓದು ಬರಹ ಬಾರದು, ಆದರೆ ಈ ಓಣಿಯ ಪ್ರತಿ ಮನೆಯ ಮೂರು ತಲೆಮಾರಿನ ಕಥೆ ಬಾಯಲ್ಲೇ ಇದೆ. ಮೊದಲ ದಿನ ನಾನು ಮಾಡಿದ ಮೀನು ಬಾಯಿಗಿಟ್ಟು, “ಏನ್ ಹುಡುಗಿ, ನಿಮ್ಮ ಸುಝೌದಲ್ಲಿ ಮೀನನ್ನ ಸಕ್ಕರೇಲಿ ಸಾಕ್ತಾರಾ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಸೊಸೆ ನಗಬಾರದಿತ್ತೇನೋ. ಆದರೆ ಅವರೂ ನಕ್ಕರು.

ಈಗ ನಿಜವಾದ ಸುದ್ದಿ. ಶಾಲೆಯಲ್ಲಿ ಇಂಗ್ಲಿಷ್ ಓದಿಗೆ ನನಗೆ ಬಹುಮಾನ ಬಂದಿತ್ತಲ್ಲ, ತೋಟದ ಬೇಲಿಯಲ್ಲಿ ವಾಸವಾಗಿರುವ ಮುಳ್ಳಿಲಿಯ ಕಥೆ, ನೀಲಿ ರಟ್ಟಿನ ಪುಸ್ತಕ, ಅದರ ಮೊದಲ ಎರಡು ಪುಟವನ್ನು ಅನುವಾದಿಸಿ ಶಾಂಘೈಯ ಪ್ರಕಾಶಕರಿಗೆ ಕಳಿಸಿದ್ದೆ. ಸಂಪಾದಕ ಜಿನ್ ಅವರು ಒಪ್ಪಿಕೊಂಡಿದ್ದಾರೆ. ಹೊಸ ಮಕ್ಕಳ ಮಾಲೆಯಲ್ಲಿ ಒಂದು ಜಾಗ ನನಗಾಗಿ ಇಟ್ಟಿದ್ದಾರಂತೆ. ಚಂದ್ರನ ಹಬ್ಬದೊಳಗೆ ಹಸ್ತಪ್ರತಿ ಕೈ ಸೇರದಿದ್ದರೆ ಜಾಗ ಬೇರೆಯವರಿಗೆ. ಅಪ್ಪ, ರಟ್ಟಿನ ಮೇಲೆ ನನ್ನ ಹೆಸರು ಇರುತ್ತದೆ. ಶ್ರೀಮತಿ ಬಿಯಾನ್ ಎಂದಲ್ಲ, ರುವಾನ್ ಮೇಷ್ಟರ ಮಗಳು ಎಂದೂ ಅಲ್ಲ. ರುವಾನ್ ಪೇಹುವಾನ್. ಸುಮ್ಮನೆ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಒರಗಿಸಿ ನೋಡಿದೆ. ಚೆನ್ನಾಗಿ ಕಾಣುತ್ತದೆ.

ಮೊದಲ ಅಧ್ಯಾಯ ಇದರೊಂದಿಗಿದೆ. ಕೆಂಪು ಶಾಯಿ ಕಡಿಮೆ ಬಳಸಿ.

ಸಂತೋಷದಿಂದ ತೇಲುತ್ತಿರುವ,
ನಿಮ್ಮ ಪೇಹುವಾನ್


ಸುಝೌ
ಮೂರನೇ ತಿಂಗಳು, ಹದಿನಾಲ್ಕನೇ ದಿನ

ಪೇಹುವಾನ್‌ಗೆ,

ಕಾಗದ ತಲುಪಿತು. ಅರ್ಧ ಸುಖವೇ ಇಷ್ಟು ಭಾರ ಇದ್ದುದರಿಂದ ಅಂಚೆಯವನು ಹೆಚ್ಚಿನ ಚೀಟಿ ಕೇಳಿದ. ನಿನ್ನ ಅಣ್ಣ ಅತ್ತಿಗೆ ಮಕ್ಕಳು ಎಲ್ಲ ಕ್ಷೇಮ. ಮಕ್ಕಳು ನಿನ್ನ ಕಾಗದದ ತಿಂಡಿಯ ಭಾಗವನ್ನು ಮೂರು ಸಲ ಓದಿಸಿದರು.

ಅನುವಾದ ನೋಡಿದೆ. ಭಾಷೆಯಲ್ಲಿ ತಪ್ಪುಗಳಿಲ್ಲ, ಆದ್ದರಿಂದ ಕೆಂಪು ಶಾಯಿ ಬೇಕಾಗಲಿಲ್ಲ. ಆದರೆ ನಿನ್ನ ಮುಳ್ಳಿಲಿ ಕಾನ್ವೆಂಟಿಗೆ ಹೋಗಿ ಬಂದಂತೆ ಮಾತನಾಡುತ್ತದೆ. ‘ಅದು ತನ್ನ ನಿರ್ಧಾರವನ್ನು ಮರುಪರಿಶೀಲಿಸಿತು’ ಎಂದು ಬರೆದಿದ್ದೀಯೆ. ಬೇಲಿಯಡಿ ಇರುವ ಪ್ರಾಣಿ ಏನನ್ನೂ ಮರುಪರಿಶೀಲಿಸುವುದಿಲ್ಲ.

ನಿನ್ನನ್ನು ಆ ಶಾಲೆಗೆ ಸೇರಿಸಿದವನು ನಾನು. ಆದ್ದರಿಂದ ಪರಿಹಾರವನ್ನೂ ನಾನೇ ಹೇಳಬೇಕು. ಬರೆದದ್ದನ್ನು ದಿನವೂ ಅತ್ತೆಗೆ ಗಟ್ಟಿಯಾಗಿ ಓದಿ ಹೇಳು. ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಗುರುತು ಹಾಕಿಕೋ.

ಅಲ್ಲಿ ಈಗಲೂ ಚಳಿ ಇರಬಹುದು. ಉಣ್ಣೆಯ ಒಳಂಗಿ ಪೆಟ್ಟಿಗೆಯ ತಳದಲ್ಲಿದೆ. ನಿನ್ನ ತಾಯಿ ಇದ್ದಿದ್ದರೆ ಮೇಲೆಯೇ ಇಟ್ಟಿರುತ್ತಿದ್ದಳು.

ಅಪ್ಪ


ತಿಯಾನ್‌ಜಿನ್
ಜೂನ್ 3, 1934

ಪ್ರೀತಿಯ ಅಪ್ಪ,

ನಿಮ್ಮ ಪರಿಹಾರ ಐದು ವಾರ ಅದ್ಭುತವಾಗಿ ನಡೆಯಿತು. ಆರನೆಯ ವಾರ ಮನೆಯಲ್ಲಿ ಬೆಂಕಿ ಬಿತ್ತು. ನಿಜವಾದ ಬೆಂಕಿಯಲ್ಲ, ಗಾಬರಿಯಾಗಬೇಡಿ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕಿಟಕಿಯ ಪಕ್ಕ ಕುಳಿತು ಬಟ್ಟೆಯ ಬೂಟಿನ ಅಡಿ ಹೊಲಿಯುತ್ತಿದ್ದರು, ನಾನು ಓದುತ್ತಿದ್ದೆ. ಆಕಳಿಸುವುದೆಲ್ಲಿ ಬಂತು, ಸೂಜಿ ನಿಲ್ಲಿಸಿ ನನ್ನನ್ನೇ ತಿದ್ದುತ್ತಿದ್ದರು. “ಮರು... ಏನಂದೆ? ಹಂಗಂದ್ರೆ ಏನು, ಹೋಗ್ಲೋ ಬೇಡ್ವೋ ಅಂತ ನಿಂತ್ಕೊಂಡ್ಳು ಅಂತ ತಾನೆ? ಹಂಗೇ ಅನ್ನು ಮತ್ತೆ.” ನಾನು ಹಾಗೇ ಬರೆದೆ. ಆ ವಾಕ್ಯ ಎದ್ದು ನಡೆದಾಡತೊಡಗಿತು! ಅತ್ತೆಗೆ ಕಥೆಯಲ್ಲಿ ಎಷ್ಟು ಮನಸ್ಸು ಬಂತೆಂದರೆ ಪಕ್ಕದ ಮನೆಯ ಕೀ ಅಮ್ಮನನ್ನೂ ಕರೆದು ಕೂರಿಸಿಕೊಂಡರು.

ಇಲ್ಲಿ ನನ್ನ ತಪ್ಪು ಹೇಳುತ್ತೇನೆ. ಆ ಪ್ರಾಣಿಗೆ ನಾನು ನಮ್ಮ ಸುಝೌ ಕಡೆಯ ಹೆಸರನ್ನೇ ಬಳಸಿದ್ದೆ. ಇಲ್ಲಿಯವರು ಆ ಹೆಸರನ್ನು ಕೇಳಿದವರೇ ಅಲ್ಲ. ಅತ್ತೆ, ಕೀ ಅಮ್ಮ ಇಬ್ಬರೂ ಅದು ಯಾವುದೋ ವಿಲಾಯಿತಿ ಪ್ರಾಣಿ ಎಂದುಕೊಂಡಿದ್ದರು. ನಿನ್ನೆ ನಾಲ್ಕನೆಯ ಅಧ್ಯಾಯ. ಮುಳ್ಳಿಲಿ ಅಡಿಗೆಮನೆಗೆ ನುಗ್ಗಿ ಹಾಲು ಕುಡಿಯುತ್ತದೆ. ತೋಟದ ಯಜಮಾನ ಅದಕ್ಕೆ ಸೌಟಿನಲ್ಲಿ ನಾಲ್ಕು ಬಾರಿಸಿ, ಇದ್ದಲು ಡಬ್ಬಿಯೊಳಗೆ ಹಾಕಿ, ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಹಗ್ಗದಿಂದ ಕಟ್ಟುತ್ತಾನೆ. ಕೀ ಅಮ್ಮ ನಗುತ್ತ, “ಹೌದಾ, ಅದು ನೋಡೋಕೆ ಹೆಂಗಿರತ್ತೆ?” ಎಂದು ಕೇಳಿದರು. ನಾನು ಸಂಭ್ರಮದಿಂದ ಪುಸ್ತಕ ತೆರೆದು ಚಿತ್ರ ತೋರಿಸಿದೆ.

ಇಬ್ಬರ ಕೈಯ ಸೂಜಿಯೂ ನಿಂತಿತು. ಕೀ ಅಮ್ಮ ಎದ್ದು, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೊರಟೇಹೋದರು.

“ಏನ್ ಹುಡುಗಿ,” ಎಂದರು ಅತ್ತೆ, ದನಿ ಏರಿಸದೆ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. “ನಮ್ಮನೇಲಿ ಕೂತ್ಕೊಂಡು ನಮ್ಮ ಬಿಳಿಯಜ್ಜಿಗೇ ಸೌಟಲ್ಲಿ ಹೊಡಿಸ್ತೀಯಾ?”

ಹಿತ್ತಿಲ ಗೋಡೆಗೆ ಒರಗಿ ಮೊಣಕಾಲೆತ್ತರದ ಒಂದು ಇಟ್ಟಿಗೆ ಗುಡಿ ಇದೆ. ತಿಂಗಳ ಒಂದನೇ ದಿನ, ಹದಿನೈದನೇ ದಿನ ಅತ್ತೆ ಅಲ್ಲಿ ಊದುಕಡ್ಡಿ ಹಚ್ಚಿ ಬೇಯಿಸಿದ ಮೊಟ್ಟೆ ಇಡುತ್ತಾರೆ. ಮನೆಯ ಯಾರೋ ಹಿರಿಯರಿಗೆ ಎಂದುಕೊಂಡು ನಾನೂ ಎರಡು ತಿಂಗಳು ಶ್ರದ್ಧೆಯಿಂದ ತಲೆಬಾಗಿದ್ದೇನೆ. ಮುಳ್ಳಿಲಿಗೆ ಅಪ್ಪ! ಈ ಊರಿನಲ್ಲಿ ಅದು ಬಿಳಿಯಜ್ಜಿ, ಮನೆ ಕಾಯುವವಳು. ಇವರಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ವೈದ್ಯರು ಕೈಬಿಟ್ಟಿದ್ದರಂತೆ. ಅತ್ತೆ ಆ ಗುಡಿಯ ಮುಂದೆ ಮೂರು ದಿನ ಕುಳಿತರಂತೆ. ಇವರು ಬದುಕಿದರು. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

“ಈ ಸೂರಿನಡಿ ಆ ಪುಸ್ತಕದ ಇನ್ನೊಂದು ಅಕ್ಷರ ಬರೀಕೂಡ್ದು” ಎಂದು ಅಪ್ಪಣೆಯಾಗಿದೆ. ನೀಲಿ ಪುಸ್ತಕ, ನನ್ನ ಹಾಳೆಗಳು, ಎಲ್ಲ ಹಾಸಿಗೆಯ ಪೆಟ್ಟಿಗೆಯಲ್ಲಿ. ಇವರು ಏಳು ಹತ್ತಕ್ಕೆ ಬದಲು ಆರು ಐವತ್ತಕ್ಕೇ ಹೊರಟುಹೋದರು.

ನನ್ನ ಹೆಸರು ಬರೆದ ಹಾಳೆಯನ್ನು ಗೋಡೆಯಿಂದ ತೆಗೆದಿಟ್ಟಿದ್ದೇನೆ. ಏನು ಮಾಡಲಿ?

ಪೇಹುವಾನ್


ತಿಯಾನ್‌ಜಿನ್
ಜೂನ್ 20, 1934

ಪ್ರೀತಿಯ ಅಪ್ಪ,

ನಿಮ್ಮ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಒಂದು ಉಪಾಯ ಹೊಳೆದಿತ್ತು. ಮುಳ್ಳಿಲಿಯನ್ನು ಮೊಲ ಮಾಡಿಬಿಡುವುದು. ಮಕ್ಕಳಿಗೆ ಮೊಲ ಇಷ್ಟ, ಅತ್ತೆಗೆ ಮೊಲದ ಮೇಲೆ ಭಕ್ತಿಯಿಲ್ಲ. ಅತ್ತೆಯ ಒಪ್ಪಿಗೆ ಕೇಳಿಯೇ ಕುಳಿತೆ. “ಮೊಲಕ್ಕೆ ಏನ್ ಬೇಕಾದ್ರೂ ಮಾಡ್ಕೋ” ಎಂದರು.

ಎರಡನೆಯ ಅಧ್ಯಾಯದಲ್ಲೇ ಮುಗ್ಗರಿಸಿದೆ. ಅಲ್ಲಿ ಅದು ಸೇಬಿನ ಮೇಲೆ ಹೊರಳಿ, ಮುಳ್ಳಿಗೆ ಸಿಕ್ಕಿಸಿಕೊಂಡು ಒಯ್ಯುತ್ತದೆ. ಮೊಲ ಹೇಗೆ ಒಯ್ಯಬೇಕು? ಇವರು ಚಹಾ ಕುಡಿಯುತ್ತ ಗಂಭೀರವಾಗಿ ಯೋಚಿಸಿ, “ಬುಟ್ಟಿ ಕೊಟ್ಬಿಡು” ಎಂದರು. ಬುಟ್ಟಿ ಕೊಟ್ಟೆ. ಮೂರನೆಯದರಲ್ಲಿ ನಾಯಿ ಬಂದಾಗ ಅದು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ನಾಯಿಯ ಮೂಗಿಗೆ ಮುಳ್ಳು ಚುಚ್ಚುತ್ತದೆ. “ಬುಟ್ಟೀಲಿ ಹೊಡೀಲಿ” ಎಂದರು ಇವರು. ಮೊಲ ಬುಟ್ಟಿ ಹಿಡಿದು ನಾಯಿಗೆ ಹೊಡೆಯುವ ಕಥೆಯನ್ನು ಯಾರಾದರೂ ಬರೆಯಲಿ, ಅದು ನನ್ನ ನೀಲಿ ಪುಸ್ತಕವಲ್ಲ. ಹರಿದು ಹಾಕಿದೆ. ಕದ್ದು ಬರೆಯೋಣವೆಂದರೆ, ಇವರ ಸಹೋದ್ಯೋಗಿಯ ಹೆಂಡತಿ ತಮ್ಮ ಮನೆಯಲ್ಲಿ ಮೇಜು ಕೊಡುತ್ತೇನೆ ಎಂದಿದ್ದಾರೆ. ಬೇರೆ ಸೂರು, ಅಪ್ಪಣೆಯೂ ಮುರಿಯುವುದಿಲ್ಲ. ಹೂಂ ಎನ್ನಲೇ?

ಇಷ್ಟಾದರೂ ಹೇಳಿಬಿಡಬೇಕು, ಅತ್ತೆ ನನ್ನ ಮೇಲೆ ಕೋಪ ಇಟ್ಟುಕೊಂಡಿಲ್ಲ. ದೋಣಿ ಹಬ್ಬಕ್ಕೆ ನಾನು ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು ಬಿಚ್ಚಿಕೊಂಡವು. “ಗಂಟು ಹಾಕೋದೂ ಇಂಗ್ಲಿಷಲ್ಲೇ ಕಲ್ತಿದೀಯಾ” ಎಂದು ನಕ್ಕು ಒಂದೊಂದನ್ನೂ ಮತ್ತೆ ಕಟ್ಟಿದರು. ಮನೆಯಲ್ಲಿ ನಗು ಹಾಗೇ ಇದೆ. ಮಧ್ಯಾಹ್ನ ಮಾತ್ರ ಸಾಗುವುದಿಲ್ಲ. ಅವರು ಕಿಟಕಿಯ ಪಕ್ಕ ಕೂರುತ್ತಾರೆ, ನಾನೂ ಕೂರುತ್ತೇನೆ, ಇಬ್ಬರೂ ಹೊಲಿಯುತ್ತೇವೆ.

ಪೇಹುವಾನ್


ಸುಝೌ
ಐದನೇ ತಿಂಗಳು, ಹದಿನೇಳನೇ ದಿನ

ಪೇಹುವಾನ್‌ಗೆ,

ಎರಡೂ ಕಾಗದ ತಲುಪಿದವು. ಓದಿ ಹೇಳು ಎಂದವನು ನಾನು, ಆದ್ದರಿಂದ ಅರ್ಧ ತಪ್ಪು ನನ್ನದು.

ಬೇರೆ ಮನೆಯ ಮೇಜಿಗೆ ಹೋಗಬೇಡ. ಸೂರು ಬೇರೆಯಾದರೂ ಅಪ್ಪಣೆ ಒಂದೇ ಎಂಬುದು ನಿನಗೆ ಗೊತ್ತಿದೆ, ಗೊತ್ತಿಲ್ಲದಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ. ಮೊಲವನ್ನು ಹರಿದು ಹಾಕಿದ್ದು ಸರಿ. ಹೆಚ್ಚು ಹೇಳಲಾರೆ. ಒಬ್ಬ ತಾಯಿ ಮೂರು ದಿನ ಕುಳಿತ ಜಾಗದ ಬಗ್ಗೆ ಪುಸ್ತಕ ಓದಿದವನು ಏನು ಹೇಳಲಿ?

ಕಾಯಿ. ಚಂದ್ರನ ಹಬ್ಬಕ್ಕೆ ಇನ್ನೂ ಹನ್ನೆರಡು ವಾರವಿದೆ.

ನಾಲ್ಕನೆಯ ಅಧ್ಯಾಯದ ಪ್ರತಿಯನ್ನು ನನಗೂ ಕಳಿಸಿದ್ದೆ. ಇಲ್ಲಿ ಮಕ್ಕಳು ಅದು ಡಬ್ಬಿಯಿಂದ ಹೊರಬಂತೋ ಇಲ್ಲವೋ ಎಂದು ದಿನವೂ ಕೇಳುತ್ತಾರೆ. ನನಗೆ ಇಂಗ್ಲಿಷ್ ಬಾರದು. ಗೊತ್ತಿಲ್ಲ ಎನ್ನುತ್ತೇನೆ.

ಅಪ್ಪ


ತಿಯಾನ್‌ಜಿನ್
ಜುಲೈ 22, 1934

ನನ್ನ ಪ್ರೀತಿಯ, ಪ್ರೀತಿಯ ಅಪ್ಪ,

ಬಂತು, ಹೊರಗೆ ಬಂತು! ಮಕ್ಕಳಿಗೆ ಹೇಳಿ. ಮುಂದಿನದನ್ನು ಕೂತು ಓದಿ, ನಿಂತು ಓದಿದರೆ ಬಿದ್ದುಬಿಡುತ್ತೀರಿ.

ಹೋದ ಗುರುವಾರ ಅಲ್ಲ, ಅದರ ಹಿಂದಿನ ಗುರುವಾರ ಆರನೇ ತಿಂಗಳ ಒಂದನೇ ದಿನ. ಅತ್ತೆ ಬೆಳಗ್ಗೆ ತಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡು ಹಿತ್ತಿಲಿಗೆ ಹೋದರು. ನಾನು ಬೀನ್ಸ್ ಬಿಡಿಸುತ್ತ ಕುಳಿತಿದ್ದೆ. ನೋಡಿದರೆ ತಟ್ಟೆ ಹಿಡಿದುಕೊಂಡು ಹಾಗೇ ವಾಪಸ್ಸು ಬಂದರು. ಮೊಟ್ಟೆ ತಟ್ಟೆಯಲ್ಲೇ ಇತ್ತು.

“ಹುಡುಗಿ,” ಎಂದರು. “ಒಂದು ಕೇಳ್ತೀನಿ. ಅವಳು ಹೊರಗೆ ಬಂದ್ಳಾ?”

“ಯಾರು ಅತ್ತೆ?”

“ಯಾರು ಅಂತೆ ಯಾರು. ಇದ್ದಲು ಡಬ್ಬೀಲಿ ಕೂರಿಸಿದ್ಯಲ್ಲ, ಅವಳು.”

ಪುಸ್ತಕದಲ್ಲಿ ಬರುತ್ತಾಳೆ, ಆದರೆ ನೀವು ಬರೆಯಬೇಡ ಎಂದಿರಲ್ಲ, ನಾನು ಅಲ್ಲಿಗೇ ನಿಲ್ಲಿಸಿದ್ದೇನೆ ಎಂದೆ.

“ಅಂದ್ರೆ ಇನ್ನೂ ಒಳಗೇ ಇದ್ದಾಳೆ.”

“ನಮ್ಮ ಭಾಷೇಲಿ... ಹೌದು.”

ಅತ್ತೆ ಬೀನ್ಸ್ ಬುಟ್ಟಿಯ ಪಕ್ಕ ಕುಸಿದು ಕುಳಿತರು. “ನಲವತ್ತು ದಿನ! ಇದ್ದಲು ಡಬ್ಬೀಲಿ! ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆ! ಎರಡು ಸಲ ಮೊಟ್ಟೆ ಇಟ್ಟು ಬಂದೆ, ಎರಡು ಸಲಾನೂ ಅವಳು ನನ್ನ ಮುಖ ನೋಡ್ದಂಗಾಯ್ತು. ಇವತ್ತು ಇಡೋಕೆ ಕೈಯೇ ಬರ್ಲಿಲ್ಲ. ಎಂಥ ಸೊಸೆನೇ ನೀನು, ಬೇಡ ಅಂದ ತಕ್ಷಣ ನಿಲ್ಲಿಸಿಬಿಡೋದಾ? ಕಳ್ಳತನದಲ್ಲಾದ್ರೂ ಬಿಡಿಸಬಾರದಿತ್ತಾ?”

ಅಪ್ಪ, ಬೇರೆ ಮನೆಯ ಮೇಜು ಬೇಡ ಎಂದ ನಿಮ್ಮನ್ನು ನಾನು ಆ ಕ್ಷಣ ಸ್ವಲ್ಪ ನೆನೆದೆ.

“ಏಳು. ಬೀನ್ಸ್ ನಾನು ಬಿಡಿಸ್ತೀನಿ. ಇವತ್ತು ಊಟದೊಳಗೆ ಅವಳು ಹೊರಗಿರಬೇಕು.”

ಪೆಟ್ಟಿಗೆಯಿಂದ ಅವರೇ ಪುಸ್ತಕ ತೆಗೆದುಕೊಟ್ಟರು. ಐದನೆಯ ಅಧ್ಯಾಯ ಹನ್ನೊಂದು ಪುಟ. ಇಲಿ ಬಂದು ಇಸ್ತ್ರಿಪೆಟ್ಟಿಗೆಯ ಹಗ್ಗ ಕಡಿಯುವುದು, ಅದು ಉರುಳುವುದು, ಮುಚ್ಚಳ ಓರೆಯಾಗುವುದು. ನಾನು ಒಂದು ವಾಕ್ಯ ಬರೆದು ಓದುವುದು, ಅತ್ತೆ, “ಆಮೇಲೆ? ಬೇಗ ಬರಿ, ಅಷ್ಟು ಚೆಂದ ಅಕ್ಷರ ಯಾತಕ್ಕೆ, ಮದುವೆ ಪತ್ರವಾ?” ಎನ್ನುವುದು. ಹನ್ನೊಂದೂವರೆಗೆ ಅವಳು ಇದ್ದಲು ಪುಡಿ ಕೊಡವಿಕೊಂಡು ಹೊಸ್ತಿಲು ದಾಟಿದಳು. ಅತ್ತೆ ಎದ್ದುಹೋಗಿ ಮೊಟ್ಟೆ ಇಟ್ಟು ಬಂದರು. ಕೀ ಅಮ್ಮನಿಗೆ ಗೋಡೆಯ ಮೇಲಿಂದಲೇ ಸುದ್ದಿ ಹೋಯಿತು. ಸಂಜೆ ಆರು ಇಪ್ಪತ್ತಕ್ಕೆ ಇವರು ಬಂದಾಗ ಬೀನ್ಸ್ ಇನ್ನೂ ಬುಟ್ಟಿಯಲ್ಲೇ ಇತ್ತು. ಯಾರೂ ಅಡಿಗೆ ಮಾಡಿರಲಿಲ್ಲ. ಹೊರಗೆ ಹೋಗಿ ಬಿಸಿ ದೋಸೆಯಂಥ ಹೆಸರು ಹಿಟ್ಟಿನ ಸುರುಳಿ ತಂದರು. ಮದುವೆಯ ದಿನದ ಊಟಕ್ಕಿಂತ ರುಚಿಯಾಗಿತ್ತು.

ಹತ್ತು ದಿನದಲ್ಲಿ ಕೊನೆಯ ಅಧ್ಯಾಯ ಮುಟ್ಟಿದೆವು. ಮುಟ್ಟಿದೆವು ಎಂದೇ ಬರೆಯಬೇಕು, ಅರ್ಧ ವಾಕ್ಯಗಳು ಅವರವು. ಆದರೆ ಪುಸ್ತಕದಲ್ಲಿ ತೋಟದ ಯಜಮಾನ ಕಡೆಗೆ ಎಲ್ಲ ಮರೆತು ಪೈಪು ಸೇದುತ್ತ ಮಲಗುತ್ತಾನೆ, ಅಷ್ಟೇ. ಅತ್ತೆ ಕೇಳಿದರು, “ತಪ್ಪಾಯ್ತು ಅನ್ನೋದು ಯಾವಾಗ?” ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ಪುಟ ನಾನೇ ಸೇರಿಸಿಬಿಟ್ಟೆ. ಯಜಮಾನ ಬೆಳಗ್ಗೆ ಎದ್ದು, ಮೊಟ್ಟೆ ಬೇಯಿಸಿ, ಬೇಲಿಯ ಹತ್ತಿರ ಮಂಡಿಯೂರಿ, ಹೇಗೆ ಶುರು ಮಾಡಬೇಕೆಂದು ತಿಳಿಯದೆ ಹವಾಮಾನದ ಬಗ್ಗೆ ಮಾತನಾಡುತ್ತಾನೆ. ಅತ್ತೆ ಆ ಪುಟವನ್ನು ನಾಲ್ಕು ಸಲ ಓದಿಸಿದರು. ಕಣ್ಣೊರೆಸಿಕೊಂಡರು. “ಕಳಿಸು” ಎಂದರು. ನಿನ್ನೆ ಶಾಂಘೈಗೆ ಕಳಿಸಿದೆ.

ನನಗೆ ರೆಕ್ಕೆ ಬಂದಿದೆ ಅಪ್ಪ. ಆ ಪುಟವನ್ನು ನಿಮಗೂ ಕಳಿಸುತ್ತಿದ್ದೇನೆ.

ಪೇಹುವಾನ್


ಸುಝೌ
ಆರನೇ ತಿಂಗಳು, ಇಪ್ಪತ್ತನೇ ದಿನ

ಪೇಹುವಾನ್‌ಗೆ,

ಮಕ್ಕಳಿಗೆ ಹೇಳಿದೆ. ಮನೆಯಲ್ಲಿ ಗದ್ದಲವಾಯಿತು.

ನೀನು ಸೇರಿಸಿದ ಪುಟವನ್ನು ಓದಿದೆ. ನಾನು ಓದಿದ ಅಧ್ಯಾಯಗಳಲ್ಲಿ ಅಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಆದ್ದರಿಂದಲೇ ಬರೆಯುತ್ತಿದ್ದೇನೆ. ಅದು ಆ ಪುಸ್ತಕ ಬರೆದ ಇಂಗ್ಲಿಷ್ ಹೆಂಗಸಿನದಲ್ಲ. ದೂರದಲ್ಲಿರುವವಳು, ತನ್ನ ಬಾಯಲ್ಲಿ ನೀನು ಏನಿಟ್ಟೆ ಎಂದು ಅವಳಿಗೆ ಎಂದೂ ತಿಳಿಯುವುದಿಲ್ಲ. ನಿನ್ನ ಹೆಸರು ರಟ್ಟಿನ ಮೇಲೆ ಬರಬೇಕೆಂದು ಆಸೆಪಟ್ಟವಳು ನೀನು. ಅವಳ ಹೆಸರೂ ಅಲ್ಲೇ ಇರುತ್ತದೆ.

ಸಂಪಾದಕರಿಗೆ ನಿಜ ಬರಿ. ಅತ್ತೆಗೂ ಹೇಳು. ಮೊದಲನೆಯದು ಸುಲಭ.

ಬಿಸಿಲು ಜೋರಾಗಿದೆ. ಕಲ್ಲಂಗಡಿ ತಿಂದು ತಕ್ಷಣ ನೀರು ಕುಡಿಯಬೇಡ.

ಅಪ್ಪ


ತಿಯಾನ್‌ಜಿನ್
ಸೆಪ್ಟೆಂಬರ್ 12, 1934

ಪ್ರೀತಿಯ ಅಪ್ಪ,

ನಿಮ್ಮ ಕಾಗದ ಬಂದ ದಿನ ಅತ್ತೆಯ ಮುಂದೆ ಮೂರು ಸಲ ಬಾಯಿ ತೆರೆದು ಮೂರು ಸಲವೂ ವಿನೆಗರ್ ಎಲ್ಲಿದೆ ಎಂದು ಕೇಳಿದೆ. ಸಂಪಾದಕರಿಗೆ ಮಾತ್ರ ಬರೆದೆ. ನಿನ್ನೆ ಉತ್ತರ ಬಂತು.

ಹಸ್ತಪ್ರತಿ ಅವರಿಗೆ ತುಂಬ ಹಿಡಿಸಿದೆಯಂತೆ. ಕಚೇರಿಯಲ್ಲಿ ಗಟ್ಟಿಯಾಗಿ ಓದಿ ನೋಡಿದರಂತೆ. ‘ಕೊನೆಯ ಪುಟ ಮೂಲದಲ್ಲಿಲ್ಲವೆಂದು ನೀವಾಗಿ ತಿಳಿಸಿದ್ದು ಒಳ್ಳೆಯದಾಯಿತು. ಅದನ್ನು ತೆಗೆದು ಉಳಿದದ್ದನ್ನು ಅಚ್ಚಿಗೆ ಕೊಡುತ್ತೇನೆ. ಹಬ್ಬದೊಳಗೆ ನಿಮ್ಮ ಒಪ್ಪಿಗೆ ತಂತಿಯಲ್ಲಿ ತಿಳಿಸಿ’ ಎಂದಿದ್ದಾರೆ. ಆ ಪುಟವನ್ನು ಮಡಚದೆ ಹಿಂದಕ್ಕೆ ಕಳಿಸಿದ್ದಾರೆ. ಅದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ‘ಇದನ್ನು ಬರೆದವರ ಬಳಿ ಇಂಥದ್ದು ಇನ್ನೂ ಇದ್ದರೆ ನನಗೆ ಬೇಕು.’

ಕುಣಿಯಬೇಕಿತ್ತು. ಕುಣಿಯಲಿಲ್ಲ. ಯಜಮಾನ ತಪ್ಪೊಪ್ಪಿಕೊಂಡ ಎಂದು ತಿಳಿದೇ ಅತ್ತೆ ‘ಕಳಿಸು’ ಎಂದದ್ದು. ಅವರು ಬೇಡವೆಂದರೆ ತಂತಿ ಕೊಡುವುದಿಲ್ಲ, ಪುಸ್ತಕವೂ ಬೇಡ ಎಂದು ನಿರ್ಧರಿಸಿ, ಇವತ್ತು ಮಧ್ಯಾಹ್ನ ಕಿಟಕಿಯ ಪಕ್ಕ ಹೋಗಿ ಕುಳಿತು, ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟೆ. ಆ ಪುಟ ನನ್ನದು, ಪುಸ್ತಕದ್ದಲ್ಲ, ಯಜಮಾನ ಏನೂ ಅನ್ನುವುದಿಲ್ಲ, ಪೈಪು ಸೇದಿ ಮಲಗುತ್ತಾನೆ, ನಾನು ನಿಮಗೆ ಸುಳ್ಳು ಹೇಳಿದೆ.

ಅತ್ತೆ ಸೂಜಿಯನ್ನು ಬೂಟಿನ ಅಡಿಗೆ ಚುಚ್ಚಿಟ್ಟು ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗುಡಿಯ ಮುಂದೆ ಕುಳಿತು ಏನೋ ಮಾತನಾಡುತ್ತಿದ್ದರು. ಪ್ರಾರ್ಥನೆಯ ಹಾಗಿರಲಿಲ್ಲ, ಕೀ ಅಮ್ಮನ ಜೊತೆ ಮಾತನಾಡಿದ ಹಾಗೇ ಇತ್ತು. ವಾಪಸ್ಸು ಬಂದು ನನ್ನೆದುರು ಕುಳಿತರು.

“ಆ ಇಂಗ್ಲಿಷಮ್ಮನ ಊರಲ್ಲಿ ಬಿಳಿಯಜ್ಜಿಗೆ ಗುಡಿ ಇದ್ಯಾ?”

“ಇಲ್ಲ ಅತ್ತೆ.”

“ಒಂದೂ ಇಲ್ವಾ?”

“ಇಲ್ಲ.”

“ಹಂಗಾದ್ರೆ ಪಾಪ ಅವಳಿಗೆ ಹೇಗೆ ಗೊತ್ತಾಗ್ಬೇಕು. ಯಾರೂ ಹೇಳ್ಕೊಟ್ಟಿಲ್ಲ. ನೀನೇ ಎರಡು ತಿಂಗಳು ಯಾರಿಗೆ ಕೈ ಮುಗಿತಿದೀನಿ ಅಂತ ಗೊತ್ತಿಲ್ದೆ ಮುಗಿದೋಳು.” ಸೂಜಿ ಕಿತ್ತು ಮತ್ತೆ ದಾರ ಎಳೆದರು. “ಅವಳದು ಅವಳು ಬರೆದಂಗೇ ಇರ್ಲಿ. ಏನೇ ಆಗ್ಲಿ ಡಬ್ಬಿಯಿಂದ ಬಿಡಿಸಿದಾಳಲ್ಲ, ಒಳ್ಳೆ ಮನಸ್ಸಿನೋಳೇ. ತಂತಿ ಕೊಡು ಹೋಗು.”

ನಾನು ಅಳುತ್ತ ನಗುತ್ತ ಅವರ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿತು. “ನೋಡು, ಈಗ ಬೂಟಿಗೆ ರಕ್ತ” ಎಂದು ಬೈದರು. ಇವರು ಕಚೇರಿಯಿಂದಲೇ ತಂತಿ ಕೊಟ್ಟು ಬಂದರು. ಇಪ್ಪತ್ತೆರಡು ನಿಮಿಷ ತಡ.

ರಟ್ಟಿನ ಮೇಲೆ ಹೆಸರು ಬರುತ್ತದೆ ಅಪ್ಪ. ಎರಡು ಹೆಸರು, ಅವಳದು ಮೇಲೆ, ನನ್ನದು ಕೆಳಗೆ. ನೀವು ಹೇಳಿದಂತೆ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸಂಪಾದಕರು ಪುಟದ ಅಂಚಿನಲ್ಲಿ ಬರೆದದ್ದನ್ನು ರಾತ್ರಿ ಊಟದ ಹೊತ್ತಿಗೆ ಅತ್ತೆಗೆ ಓದಿ ಹೇಳಿದೆ. ಅವರು, “ಗೊತ್ತಿಲ್ಲದೋಳು ಅಷ್ಟು ದೊಡ್ಡ ಪುಸ್ತಕ ಬರೆದಿದಾಳೆ. ಗೊತ್ತಿರೋಳು ನೀನು ಒಂದು ಪುಟಕ್ಕೆ ನಿಂತ್ಕೊಂಡ್ರೆ ಹೇಗೆ?” ಎಂದರು. ಮೇಜಿನಿಂದ ನನ್ನ ತಟ್ಟೆ ಸರಿಸಿ ಹಾಳೆ ಇಟ್ಟರು. ಇವರು ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಬೇರೆ ಕಡೆ ಹೋದರು.

“ಬರ್ಕೋ,” ಎಂದರು ಅತ್ತೆ. “ಅವತ್ತು ಬೆಳಗ್ಗೆ ಬಿಳಿಯಜ್ಜಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.”

ಬರೆದುಕೊಂಡೆ. “ಯಾಕೆ ಅತ್ತೆ?”

“ನಂಗೇನ್ ಗೊತ್ತು?” ಎಂದರು. “ಬರೆಯೋಳು ನೀನು.”

ಕಾಗದವನ್ನು ಇಲ್ಲಿಗೆ ನಿಲ್ಲಿಸಬೇಕು. ಎದುರಿಗೇ ಕುಳಿತು ಕಾಯುತ್ತಿದ್ದಾರೆ.

ಪೇಹುವಾನ್